ಹೆಡ್‌ಲೈಟ್ ವಾಷರ್ ತೆಗೆಯುವ ಮುನ್ನ: ಹೊಸಬರಿಗೊಂದು ಪರಿಚಯ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಈಗ ಆಡಿ ಟಿಟಿ, ಬಿಎಂಡಬ್ಲ್ಯು ಝಡ್4, ಪೋರ್ಷೆ ಬಾಕ್ಸ್‌ಸ್ಟರ್‌ನಂಥ ಕಾರುಗಳ ಮೇಲೆ ಆಸೆ ಇಟ್ಟುಕೊಂಡ ಹುಡುಗರು ಕಡಿಮೆಯಿಲ್ಲ. ಹೊಸದು ಕೊಳ್ಳುವುದು ಎಲ್ಲರ ಕೈಲಾಗದು. ಬೆಂಗಳೂರಿನಲ್ಲೋ ಪುಣೆಯಲ್ಲೋ ಹತ್ತಾರು ವರ್ಷ ಓಡಿದ ಗಾಡಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದು, ಒಂದೊಂದೇ ಕೆಲಸ ಮಾಡಿಸಿಕೊಂಡು ಚೆಂದ ಮಾಡುವವರೇ ಹೆಚ್ಚು. ಅಂಥ ಕಾರು ಊರಿಗೆ ಬಂದ ಮೇಲೆ ಕಣ್ಣಿಗೆ ಬೀಳುವ ಮೊದಲ ಕೊರತೆಗಳಲ್ಲಿ ಒಂದು, ಮುಂದಿನ ಬಂಪರಿನಲ್ಲಿ ಹೆಡ್‌ಲೈಟಿನ ಕೆಳಗಿರುವ ಚಿಕ್ಕ ಮುಚ್ಚಳ ಇಲ್ಲದಿರುವುದು. ಒಂದು ಕಡೆ ಮುಚ್ಚಳ ಇರುತ್ತದೆ, ಇನ್ನೊಂದು ಕಡೆ ಕರಿ ತೂತು ಕಾಣುತ್ತದೆ. ಇಲ್ಲವೇ ಎರಡೂ ಇದ್ದು, ಒಂದರ ಸಂದಿಯಿಂದ ನೀರು ಒಸರುತ್ತಿರುತ್ತದೆ.

ಆ ಮುಚ್ಚಳದ ಹಿಂದಿರುವುದೇ ಹೆಡ್‌ಲೈಟ್ ವಾಷರ್. ಅದನ್ನು ಸರಿಮಾಡಬೇಕೋ, ಪೂರ್ತಿ ತೆಗೆದು ಬೇರೆ ಕಂಪನಿಯ ಭಾಗದಿಂದ ತೂತು ಮುಚ್ಚಬೇಕೋ ಎಂಬ ಪ್ರಶ್ನೆ ಆಗ ಏಳುತ್ತದೆ. ಕೆಲಸ ದೊಡ್ಡದಲ್ಲ. ತಾಳ್ಮೆಯಿದ್ದರೆ ಹೊಸಬರೂ ಒಬ್ಬ ಅನುಭವಿ ಮಿಸ್ತ್ರಿಯ ಜೊತೆ ನಿಂತು ಒಂದು ದಿನದಲ್ಲಿ ಮುಗಿಸಬಹುದು. ಆದರೆ ಒಂದು ಮಾತು ಮೊದಲೇ ಮನಸ್ಸಿನಲ್ಲಿರಲಿ: ವಾಷರನ್ನು ಗಾಡಿಯಿಂದ ತೆಗೆಯಬಹುದು, ಅದು ಮಾಡುತ್ತಿದ್ದ ಕೆಲಸವನ್ನು ತೆಗೆಯಲಾಗದು. ಆ ಕೆಲಸ ಅಂದಿನಿಂದ ಮಾಲೀಕನ ಕೈಗೆ ಬರುತ್ತದೆ. ಈ ಲೇಖನದಲ್ಲಿ ಹೇಳುವ ಎಲ್ಲ ಹೆಜ್ಜೆಗಳೂ ಈ ಮಾತಿನ ಸುತ್ತಲೇ ಇವೆ.

ವಾಷರ್ ಯಾಕೆ ಬಂತು

ಹೆಡ್‌ಲೈಟಿನ ಗಾಜಿನ ಮೇಲೆ ಕೊಳೆ ಕೂತರೆ ಬೆಳಕು ಕಡಿಮೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಕೊಳೆಯ ಪ್ರತಿ ಕಣವೂ ತನ್ನ ಮೇಲೆ ಬಿದ್ದ ಬೆಳಕನ್ನು ದಿಕ್ಕುದಿಕ್ಕಿಗೆ ಚೆಲ್ಲುತ್ತದೆ. ಡಿಮ್ ಹಾಕಿದಾಗ ಕೆಳಗೆ, ರಸ್ತೆಯ ಮೇಲೆ ಬೀಳಬೇಕಾದ ಬೆಳಕಿನ ಒಂದು ಪಾಲು ಮೇಲಕ್ಕೆ, ಎದುರಿನವನ ಕಣ್ಣಿಗೆ ಹೋಗುತ್ತದೆ. ಅಂದರೆ ಕೊಳೆಯಾದ ದೀಪ ನಮಗೂ ದಾರಿ ತೋರಿಸುವುದಿಲ್ಲ, ಎದುರಿನವನಿಗೂ ಕಾಣಗೊಡುವುದಿಲ್ಲ.

ಹಿಮ, ಕೆಸರು, ಉದ್ದನೆಯ ರಾತ್ರಿಗಳ ಸ್ವೀಡನ್ ದೇಶದಲ್ಲಿ ಈ ತೊಂದರೆ ಗಂಭೀರವಾಗಿ ಕಂಡಿತು. ಅಲ್ಲಿನ ಸಾಬ್ ಕಂಪನಿ 1970ರಲ್ಲಿ ತನ್ನ ಕಾರಿನ ಹೆಡ್‌ಲೈಟಿಗೇ ಪುಟ್ಟ ವೈಪರ್ ಮತ್ತು ನೀರಿನ ಚಿಮ್ಮುಗ ಕೂಡಿಸಿತು. ಆಗ ದೀಪದ ಮುಂಭಾಗ ನಿಜವಾದ ಗಾಜಿನದು. ವೈಪರ್ ಉಜ್ಜಿದರೂ ತಡೆಯುತ್ತಿತ್ತು. ಮುಂದೆ ಗಾಜಿನ ಬದಲು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಂತು. ಅದರ ಮೇಲೆ ರಬ್ಬರ್ ಎಳೆದರೆ ಗೀರು ಬೀಳುತ್ತದೆ. ಹಾಗಾಗಿ ಮುಟ್ಟದೆ, ಬರೀ ನೀರಿನ ರಭಸದಿಂದಲೇ ತೊಳೆಯುವ ಪದ್ಧತಿ ನಿಂತಿತು.

ಆಮೇಲೆ ಜೆನಾನ್ ದೀಪ ಬಂತು. ಸಾಮಾನ್ಯ ಎಚ್7 ಹ್ಯಾಲೊಜೆನ್ ಬಲ್ಬು 55 ವ್ಯಾಟ್ ತಿಂದು ಸುಮಾರು 1500 ಲ್ಯೂಮೆನ್ ಬೆಳಕು ಕೊಡುತ್ತದೆ. ಡಿ2ಎಸ್ ಜೆನಾನ್ ಬಲ್ಬು 35 ವ್ಯಾಟ್‌ನಲ್ಲೇ 3200 ಲ್ಯೂಮೆನ್ ಕೊಡುತ್ತದೆ. ಬೆಳಕು ಇಷ್ಟು ಜೋರಾದಾಗ ಕೊಳೆಯಿಂದ ಚೆಲ್ಲುವ ಬೆಳಕೂ ಅಷ್ಟೇ ಜೋರು. ಆದ್ದರಿಂದ ಯುರೋಪಿನ ನಿಯಮದಲ್ಲಿ ಒಂದು ಗೆರೆ ಎಳೆದರು: ಡಿಮ್ ದೀಪದ ಬೆಳಕಿನ ಮೂಲ 2000 ಲ್ಯೂಮೆನ್ ದಾಟಿದರೆ ಆ ಕಾರಿಗೆ ಹೆಡ್‌ಲೈಟ್ ತೊಳೆಯುವ ವ್ಯವಸ್ಥೆ ಇರಲೇಬೇಕು, ದೀಪದ ಮಟ್ಟ ತಾನಾಗಿ ಹೊಂದಿಕೊಳ್ಳಬೇಕು. ಈಚಿನ ಎಷ್ಟೋ ಎಲ್‌ಇಡಿ ಕಾರುಗಳಲ್ಲಿ ವಾಷರ್ ಕಾಣದಿರಲು ಇದೇ ಕಾರಣ. ಅವುಗಳ ಡಿಮ್ ದೀಪದ ಮೂಲವನ್ನು ಈ 2000ದ ಗೆರೆಯ ಒಳಗೇ ಇಟ್ಟಿರುತ್ತಾರೆ.

ನಿಮ್ಮ ಕಾರಿನಲ್ಲಿ ಯಾವ ದೀಪ ಇದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ ಎಂದು ಹೇಳುವುದು ಇದಕ್ಕಾಗಿಯೇ. ಹ್ಯಾಲೊಜೆನ್ ಆಗಿದ್ದರೆ ವಾಷರ್ ಒಂದು ಅನುಕೂಲ. ಜೆನಾನ್ ಆಗಿದ್ದರೆ ಅದು ದೀಪದ ವಿನ್ಯಾಸದ ಒಂದು ಅಂಗ.

ಮುಚ್ಚಳದ ಹಿಂದೆ ಏನಿದೆ

ವ್ಯವಸ್ಥೆ ಸರಳ. ಮುಂದಿನ ಮಡ್‌ಗಾರ್ಡಿನ ಒಳಗೆ, ಚಕ್ರದ ಹತ್ತಿರ, ನೀರಿನ ಟಾಕಿ ಇರುತ್ತದೆ. ಮುಂದಿನ ಕನ್ನಡಿಗೆ ನೀರು ಚಿಮ್ಮಿಸುವುದೂ ಇದೇ ಟಾಕಿಯಿಂದಲೇ. ಟಾಕಿಯ ತಳದಲ್ಲಿ ರಬ್ಬರ್ ಬುಷ್ ಹಾಕಿ ಎರಡು ಮೋಟರು ಕೂಡಿಸಿರುತ್ತಾರೆ: ಚಿಕ್ಕದು ಕನ್ನಡಿಗೆ, ದೊಡ್ಡದು ಹೆಡ್‌ಲೈಟಿಗೆ. ದೊಡ್ಡ ಮೋಟರಿನಿಂದ ದಪ್ಪ ಪೈಪೊಂದು ಹೊರಟು ಬಂಪರಿನ ಹಿಂದೆ ಕವಲೊಡೆದು ಎರಡೂ ಕಡೆಯ ನಾಝಲ್‌ಗೆ ಹೋಗುತ್ತದೆ.

ನಾಝಲ್ ಇರುವುದು ಒಂದರೊಳಗೊಂದು ಜಾರುವ ಕೊಳವೆಯ ತುದಿಯಲ್ಲಿ. ಅದು ಇಂಜೆಕ್ಷನ್ ಸಿರಿಂಜಿನ ಹಾಗೆ: ಹಿಂದಿನಿಂದ ನೀರಿನ ಒತ್ತಡ ಬಂದಾಗ ಒಳಗಿನ ಕೊಳವೆ ಹೊರಗೆ ಜಾರುತ್ತದೆ, ಮುಚ್ಚಳವೂ ಅದರ ಜೊತೆಗೇ ಎದ್ದು ಬರುತ್ತದೆ. ತುದಿ ಪೂರ್ತಿ ಹೊರಗೆ ಬಂದ ಮೇಲೆ ನೀರು ಬೀಸಣಿಗೆಯಾಗಿ ದೀಪದ ಮೇಲೆ ಬೀಳುತ್ತದೆ. ಮೋಟರ್ ನಿಂತೊಡನೆ ಒಳಗಿನ ಸ್ಪ್ರಿಂಗ್ ಕೊಳವೆಯನ್ನು ಹಿಂದಕ್ಕೆಳೆಯುತ್ತದೆ, ಮುಚ್ಚಳ ಬಂಪರಿಗೆ ಸಮನಾಗಿ ಕೂರುತ್ತದೆ.

ಇದಕ್ಕೆ ಬೇರೆ ಬಟನ್ ಎಲ್ಲ ಕಾರಿನಲ್ಲೂ ಇರುವುದಿಲ್ಲ. ಹಲವು ಜರ್ಮನ್ ಕಾರುಗಳಲ್ಲಿ ಹೆಡ್‌ಲೈಟ್ ಹೊತ್ತಿದ್ದಾಗ ಕನ್ನಡಿಗೆ ನೀರು ಹೊಡೆದರೆ, ಮೊದಲ ಸಲ ದೀಪಕ್ಕೂ ನೀರು ಹೊಡೆಯುತ್ತದೆ; ಆಮೇಲೆ ಪ್ರತಿ ಐದನೆಯ ಸಲಕ್ಕೆ ಒಮ್ಮೆ. ಹಗಲಿನಲ್ಲಿ ದೀಪ ಆರಿಸಿ ಪರೀಕ್ಷೆ ಮಾಡಿ, ವಾಷರ್ ಸತ್ತಿದೆ ಎಂದು ತೀರ್ಮಾನಿಸುವ ಹೊಸಬರು ಬಹಳ. ದೀಪ ಹೊತ್ತಿಸಿ, ವೈಪರ್ ಕಡ್ಡಿಯನ್ನು ಸ್ವಲ್ಪ ಹೊತ್ತು ಎಳೆದು ಹಿಡಿದು ನೋಡಿ.

ನಮ್ಮ ರಸ್ತೆಯಲ್ಲಿ ಅದು ಕೆಡುವುದು ಹೇಗೆ

ಈ ಮೂರು ತಾಲ್ಲೂಕಿನಲ್ಲಿ ಮೂರು ಬಗೆಯ ಕೊಳೆಯಿದೆ. ಗೋಕಾಕದ ಗುಡ್ಡದ ಸಾಲಿನ ಕಡೆ ಬೇಸಿಗೆಯಲ್ಲಿ ಏಳುವುದು ಒರಟಾದ, ಮರಳು ಬೆರೆತ ಧೂಳು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ, ಹತ್ತರಗಿ, ಯಮಕನಮರಡಿ ಮೇಲೆ ಹಾಯುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಮಳೆಗಾಲದ ಲಾರಿಗಳ ಚಕ್ರದಿಂದ ಏಳುವುದು ಎಣ್ಣೆ ಬೆರೆತ ತೆಳು ರಾಡಿ. ಮೂಡಲಗಿಯ ಎರೆಭೂಮಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಚಕ್ರ ಹೊಲದಿಂದ ಡಾಂಬರಿಗೆ ತಂದು ಹಾಕುವುದು ಅಂಟಿದರೆ ಬಿಡದ ಕರಿಮಣ್ಣು. ಒಣಗಿದ ಮೇಲೆ ಅದು ನೀರಿನ ಒಂದು ಚಿಮ್ಮಿಗೆ ಬಗ್ಗುವ ಮಣ್ಣಲ್ಲ.

ಜಾರುವ ಕೊಳವೆಯ ಸಂದಿಗೆ ಮೊದಲ ಬಗೆಯ ಧೂಳು ಸೇರಿದರೆ ಕೊಳವೆ ಹೊರಬಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮುಚ್ಚಳ ಬಾಯಿ ತೆರೆದುಕೊಂಡೇ ಉಳಿಯುತ್ತದೆ, ಮುಂದೆ ಯಾವುದಾದರೂ ಜಾಲಿಯ ಕೊಂಬೆ ತಾಗಿ ಉದುರುತ್ತದೆ. ಇನ್ನೊಂದು ಕಾರಣ ವಾಷಿಂಗ್ ಸೆಂಟರಿನ ಪ್ರೆಶರ್ ಗನ್. ಮುಚ್ಚಳದ ಅಂಚಿಗೆ ನೇರ ಹಿಡಿದರೆ ಅದನ್ನು ಹಿಡಿದಿಟ್ಟ ಪ್ಲಾಸ್ಟಿಕ್ ಕೊಕ್ಕೆ ಮುರಿಯುತ್ತದೆ. ಅಂದೇ ಬೀಳುವುದಿಲ್ಲ, ಮುಂದಿನ ಸಲ ನಾಝಲ್ ಎದ್ದಾಗ ಹೆದ್ದಾರಿಯ ಗಾಳಿಗೆ ಹಾರಿ ಹೋಗುತ್ತದೆ.

ಮೂರನೆಯ ಶತ್ರು ಬೋರಿನ ಗಡಸು ನೀರು. ಕಾಲುವೆ ನೀರಾವರಿಯ ಎರೆಭೂಮಿಯಲ್ಲಿ ಬೋರಿನ ನೀರು ಎಷ್ಟೋ ಕಡೆ ಉಪ್ಪಾಗಿರುತ್ತದೆ. ಅದನ್ನೇ ಟಾಕಿಗೆ ತುಂಬಿದರೆ ನಾಝಲ್ಲಿನ ಸೂಜಿತೂತಿನಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ, ಮೋಟರಿನ ಒಳಗೂ ಕಟ್ಟುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನು ತಂದು ತುಂಬಿದರೆ ಈ ತೊಂದರೆಯೇ ಇರುವುದಿಲ್ಲ. ಬಟ್ಟೆ ಒಗೆಯುವ ಪುಡಿಯನ್ನು ಟಾಕಿಗೆ ಹಾಕಬೇಡಿ. ಅದು ತಳದಲ್ಲಿ ಕೂತು ಮೋಟರನ್ನು ಕೆಡಿಸುತ್ತದೆ.

ಮೂರು ದಾರಿ

ಈಗ ಕೆಟ್ಟ ವಾಷರಿಗೆ ಏನು ಮಾಡಬೇಕು? ದಾರಿ ಮೂರು.

ಮೊದಲನೆಯದು, ಮುಚ್ಚಳ ಮಾತ್ರ ಹೋಗಿದ್ದರೆ ಮುಚ್ಚಳ ಮಾತ್ರ ಹಾಕುವುದು. ಕೊಳವೆ ಸರಿಯಾಗಿ ಜಾರುತ್ತಿದೆ, ನೀರು ಬರುತ್ತಿದೆ ಎಂದಾದರೆ ಇದಕ್ಕಿಂತ ಹೆಚ್ಚಿನದು ಬೇಡ.

ಎರಡನೆಯದು, ನಾಝಲ್, ಕೊಳವೆ, ಮೋಟರುಗಳಲ್ಲಿ ಕೆಟ್ಟದ್ದನ್ನು ಬದಲಿಸಿ ವ್ಯವಸ್ಥೆಯನ್ನು ಪೂರ್ತಿ ಚಾಲೂ ಮಾಡುವುದು. ಜೆನಾನ್ ದೀಪದ ಕಾರಿಗೆ ನಾನು ಯಾವಾಗಲೂ ಹೇಳುವ ದಾರಿ ಇದು.

ಮೂರನೆಯದು, ವಾಷರನ್ನು ಪೂರ್ತಿ ತೆಗೆದು ತೂತಿಗೆ ಬಂಪರಿನ ಮೈಗೆ ಸಮನಾದ ಮುಚ್ಚುಗೆ ಹಾಕುವುದು, ಇಲ್ಲವೇ ತೂತೇ ಇಲ್ಲದ ಬೇರೆ ಬಂಪರ್ ಹಾಕುವುದು. ಮುಂಭಾಗ ನುಣ್ಣಗೆ ಕಾಣುತ್ತದೆ, ಸೋರುವ ಕಾಟ ತಪ್ಪುತ್ತದೆ, ಸ್ವಲ್ಪ ತೂಕವೂ ಇಳಿಯುತ್ತದೆ. ಜಗತ್ತಿನ ಸ್ಪೋರ್ಟ್ಸ್ ಕಾರು ಪ್ರಿಯರಲ್ಲಿ ಈ ದಾರಿ ಹಿಡಿಯುವವರು ಬಹಳ. ಹ್ಯಾಲೊಜೆನ್ ದೀಪದ ಕಾರಾಗಿದ್ದು, ದೀಪವನ್ನು ಕೈಯಿಂದ ಒರೆಸುವ ಶಿಸ್ತು ನಿಮಗಿದ್ದರೆ ಇದನ್ನು ಯೋಚಿಸಬಹುದು. ಚೆಂದಕ್ಕಾಗಿ ಮಾತ್ರ, ಜೆನಾನ್ ದೀಪದ ಒಳ್ಳೆಯ ವಾಷರನ್ನು ಕೀಳುವುದು ಬೇಡ.

ಭಾಗ ಕೊಳ್ಳುವಾಗ

ಮಾರುಕಟ್ಟೆಯಲ್ಲಿ ಸಿಗುವ ಭಾಗಗಳು ಮೂರು ತರಗತಿಯವು. ಕಾರು ಕಂಪನಿಯ ಡಬ್ಬಿಯಲ್ಲಿ ಬರುವ ಒರಿಜಿನಲ್ ಒಂದು. ಕಾರು ಕಂಪನಿಗಳಿಗೆ ಭಾಗ ಪೂರೈಸುವ ಹೆಲ್ಲಾದಂಥ ತಯಾರಕರು ತಮ್ಮದೇ ಹೆಸರಿನಲ್ಲಿ ಮಾರುವುದು ಎರಡನೆಯದು. ಮೂರನೆಯವರು ಅಳತೆ ನೋಡಿ ತಯಾರಿಸಿದ್ದು ಇನ್ನೊಂದು. ಬೆಲೆ ಇಳಿಯುತ್ತಾ ಹೋಗುವುದು ಇದೇ ಕ್ರಮದಲ್ಲಿ. ಮೋಟರು ಮತ್ತು ಕೊಳವೆಗೆ ಮೊದಲ ಎರಡು ತರಗತಿ ಒಳ್ಳೆಯದು. ಬರೀ ಮುಚ್ಚುಗೆಗೆ ಮೂರನೆಯದಾದರೂ ನಡೆಯುತ್ತದೆ, ಆದರೆ ಕೂರುವ ಅಳತೆ ಸರಿಯಿರಬೇಕು.

ಅಂಗಡಿಯವರಿಗೆ ಕಾರಿನ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಕಾರಿನಲ್ಲಿ ಮುಂಭಾಗ ಬದಲಾದ ಮಾದರಿ ಬೇರೆ, ಸ್ಪೋರ್ಟ್ಸ್ ಬಂಪರ್ ಇರುವ ಮಾದರಿ ಬೇರೆ, ಎಡಗಡೆಯ ಮುಚ್ಚಳ ಬೇರೆ, ಬಲಗಡೆಯದು ಬೇರೆ. ಹಳೆಯ ಭಾಗದ ಹಿಂಬದಿಯಲ್ಲಿ ಅಚ್ಚೊತ್ತಿದ ನಂಬರು ಇರುತ್ತದೆ. ಅದನ್ನು ಫೋಟೊ ತೆಗೆದು ಕಳಿಸಿ. ಹಳೆಯದು ಕಳೆದುಹೋಗಿದ್ದರೆ ಕಾರಿನ ಚಾಸಿ ನಂಬರಿನಿಂದ ಭಾಗದ ನಂಬರ್ ತೆಗೆಸಬಹುದು.

ಹೊಸ ಮುಚ್ಚುಗೆ ಸಾಮಾನ್ಯವಾಗಿ ಬಣ್ಣವಿಲ್ಲದೆ, ಬರೀ ಪ್ರೈಮರ್ ಬಳಿದು ಬರುತ್ತದೆ. ನಿಮ್ಮ ಕಾರಿನ ಬಣ್ಣದ ಕೋಡ್ ಬಾಗಿಲಿನ ಕಂಬದ ಮೇಲೋ ಡಿಕ್ಕಿಯೊಳಗೋ ಅಂಟಿಸಿದ ಚೀಟಿಯಲ್ಲಿರುತ್ತದೆ. ಬಣ್ಣ ಹಚ್ಚುವವರಿಗೆ ಆ ಕೋಡ್ ಕೊಡಿ. ಬಂಪರಿನ ಹೊಂದಿಕೆಗೆ ಇನ್ನೊಂದು ಎಚ್ಚರ ಬೇಕು: ಹತ್ತು ವರ್ಷದ ಬಿಸಿಲು ಕಂಡ ಬಂಪರಿನ ಬಣ್ಣ ಮಾಸಿರುತ್ತದೆ, ಕೋಡಿನ ಬಣ್ಣ ಹೊಸದಾಗಿರುತ್ತದೆ. ಮೊದಲು ಬಂಪರಿಗೆ ಪಾಲಿಶ್ ಮಾಡಿಸಿ, ಆಮೇಲೆ ಬಣ್ಣ ಹೊಂದಿಸಿದರೆ ವ್ಯತ್ಯಾಸ ಎದ್ದು ಕಾಣುವುದಿಲ್ಲ.

ಅಂಟಿನ ವಿಷಯಕ್ಕೂ ಇಲ್ಲೇ ಬರೋಣ. ಇಂದಿನ ಬಂಪರುಗಳು ಹೆಚ್ಚಾಗಿ ಪಾಲಿಪ್ರೊಪಿಲಿನ್ ಪ್ಲಾಸ್ಟಿಕ್ಕಿನವು. ಅದರ ಮೇಲೆ ಫೆವಿಕ್ವಿಕ್‌ನಂಥ ಅಂಟು ಹಿಡಿಯುವುದಿಲ್ಲ. ಹಿಡಿದಂತೆ ಕಂಡರೂ ಗಾಡಿಯ ಅಲುಗಾಟಕ್ಕೆ ಬಿಟ್ಟುಕೊಳ್ಳುತ್ತದೆ. ಕೊಕ್ಕೆಯಿಂದ ಕೂರುವ ಮುಚ್ಚುಗೆಯೇ ಮೊದಲ ಆಯ್ಕೆ. ಅಂಟಿಸಲೇಬೇಕಾದರೆ ಪ್ಲಾಸ್ಟಿಕ್ಕಿಗೆ ಹಿಡಿತ ಕೊಡುವ ಪ್ರೈಮರ್ ಒರೆಸಿ, ಎರಡೂ ಬದಿ ಅಂಟಿರುವ ಆಟೊಮೊಬೈಲ್ ಟೇಪು ಬಳಸಿ.

ವಾಷರ್ ತೆಗೆದ ಮೇಲೆ ಟಾಕಿಯಲ್ಲಿ ಉಳಿಯುವ ಮೋಟರಿನ ತೂತಿಗೆ ಬೇಕಾದ ಬಿರಡೆ ಸಿಗದೆ ಪರದಾಡುವುದುಂಟು. ಬೆಳಗಾವಿಯ ಉದ್ಯಮಬಾಗದ ಲೇತ್ ಅಂಗಡಿಗಳು ಅಥವಾ ಕೊಲ್ಲಾಪುರದ ಬಳಿಯ ಗೋಕುಳ ಶಿರಗಾಂವ, ಶಿರೋಲಿ ಕೈಗಾರಿಕಾ ವಸಾಹತಿನ ವರ್ಕ್‌ಶಾಪುಗಳು ಎಂಜಿನ್ ಭಾಗಗಳನ್ನೇ ತಯಾರಿಸುವ ಊರಿನವು. ಹಳೆಯ ಮೋಟರನ್ನು ಒಯ್ದು ತೋರಿಸಿದರೆ ನೈಲಾನ್ ಕಡ್ಡಿಯಿಂದ ಅದೇ ಅಳತೆಯ ಬಿರಡೆ ತಿರುಗಿಸಿ ಕೊಡುವುದು ಅಂಥವರಿಗೆ ಕಷ್ಟವಲ್ಲ. ಈ ಸೌಲಭ್ಯ ಮನೆಯ ಹತ್ತಿರ ಇರುವುದು ನಮ್ಮ ಭಾಗದ ದೊಡ್ಡ ಬಲ. ಇದನ್ನು ಬಳಸಿಕೊಳ್ಳಿ.

ಕೆಲಸದ ಕ್ರಮ

ಮೊದಲು ಮುಚ್ಚಳ ಬದಲಿಸುವ ಚಿಕ್ಕ ಕೆಲಸ ನೋಡೋಣ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ತೂತಿನ ಸುತ್ತಲ ಬಣ್ಣಕ್ಕೆ ಮಾಸ್ಕಿಂಗ್ ಟೇಪು ಅಂಟಿಸಿ. ಸುತ್ತಲಿನ ಮಣ್ಣನ್ನು ಒದ್ದೆ ಬ್ರಶ್ಶಿನಿಂದ ತೆಗೆಯದೆ ಮುಂದಿನದಕ್ಕೆ ಕೈಹಾಕಬೇಡಿ. ನಾಝಲ್ಲಿನ ತುದಿಯನ್ನು ಬೆರಳಿನಿಂದಲೇ ಹಿಡಿದು ನಿಧಾನ ಎಳೆಯಿರಿ. ಒಳಗೆ ಸ್ಪ್ರಿಂಗ್ ಹಿಂದಕ್ಕೆ ಜಗ್ಗುತ್ತಿರುತ್ತದೆ. ಪೂರ್ತಿ ಹೊರಬಂದ ಮೇಲೆ ಬಟ್ಟೆ ಸಿಕ್ಕಿಸುವ ಪ್ಲಾಸ್ಟಿಕ್ ಕ್ಲಿಪ್ಪನ್ನು ಕೊಳವೆಗೆ ಹಾಕಿ ಅದು ಹಿಂದೆ ಹೋಗದಂತೆ ಮಾಡಿ. ಕ್ಲಿಪ್ಪಿಲ್ಲದೆ ಕೈ ಬಿಟ್ಟರೆ ಕೊಳವೆ ಫಟ್ಟನೆ ಒಳಹೋಗಿ ತುದಿ ಮುರಿಯಬಹುದು. ಈಗ ನಾಝಲ್ಲಿನ ತುದಿಯನ್ನು ಹತ್ತಿರದಿಂದ ನೋಡಿ. ಅಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ; ಅವುಗಳ ಸುತ್ತ ಬಿಳಿ ಪುಡಿ ಕಟ್ಟಿದ್ದರೆ ವಿನೆಗರ್ ಅದ್ದಿದ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಡಿ. ಸೂಜಿ ಚುಚ್ಚಬೇಡಿ; ರಂಧ್ರದ ಕೋನ ಕೆಟ್ಟರೆ ನೀರು ದೀಪದ ಬದಲು ಬಾನೆಟ್ಟಿನ ಮೇಲೆ ಬೀಳುತ್ತದೆ. ಆಮೇಲೆ ಹೊಸ ಮುಚ್ಚಳದ ಕೊಕ್ಕೆಗಳನ್ನು ತುದಿಯ ಎರಡೂ ಬದಿಗೆ ಸಮ ಒತ್ತಿ ಕೂರಿಸಿ. ಟಕ್ ಎಂಬ ಸದ್ದು ಎರಡು ಬದಿಯಿಂದಲೂ ಬರಬೇಕು. ಕ್ಲಿಪ್ಪು ತೆಗೆದು, ಕೊಳವೆಯನ್ನು ಕೈಯಲ್ಲಿ ಹಿಡಿದೇ ಒಳಗೆ ಬಿಡಿ.

ವಾಷರ್ ಪೂರ್ತಿ ತೆಗೆಯುವುದಾದರೆ ಬಂಪರ್ ಬಿಚ್ಚಬೇಕು. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ, ಕೆಲ ನಿಮಿಷ ಕಾಯಿರಿ. ಮುಂಭಾಗದಲ್ಲಿ ಏರ್‌ಬ್ಯಾಗಿನ ಸೆನ್ಸಾರ್ ಇರುತ್ತದೆ. ಜೆನಾನ್ ದೀಪವಾದರೆ ಅದನ್ನು ಹೊತ್ತಿಸುವ ಕ್ಷಣದಲ್ಲಿ 20,000 ವೋಲ್ಟಿಗೂ ಮೀರಿದ ವಿದ್ಯುತ್ತು ಹಾಯುತ್ತದೆ. ಆ ವೈರು, ಆ ಪೆಟ್ಟಿಗೆ ಹೊಸಬರು ಮುಟ್ಟುವಂಥದ್ದಲ್ಲ. ಸ್ಪೋರ್ಟ್ಸ್ ಕಾರು ನೆಲಕ್ಕೆ ಹತ್ತಿರ ಇರುವುದರಿಂದ ಜಾಕ್ ಹಾಕಿ ಎತ್ತಬೇಕಾಗುತ್ತದೆ. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು. ಸ್ಟ್ಯಾಂಡ್ ಕೊಟ್ಟ ಮೇಲಷ್ಟೇ ಕೆಲಸ.

ಬಂಪರಿನ ಸ್ಕ್ರೂಗಳು ಮೇಲೆ ಬಾನೆಟ್ಟಿನ ಅಂಚಿನಲ್ಲಿ, ಕೆಳಗೆ, ಮತ್ತು ಎರಡೂ ಚಕ್ರದ ಗೂಡಿನಲ್ಲಿ ಇರುತ್ತವೆ. ಬಿಚ್ಚಿದ ಕ್ರಮದಲ್ಲೇ ಒಂದು ರಟ್ಟಿನ ಮೇಲೆ ಚುಚ್ಚಿಡಿ, ಎಲ್ಲಿಯದೆಂದು ಪಕ್ಕದಲ್ಲಿ ಬರೆಯಿರಿ. ಬಂಪರನ್ನು ಇಬ್ಬರು ಹಿಡಿದೇ ಎಳೆಯಬೇಕು. ಎಳೆಯುವ ಮೊದಲು ಫಾಗ್ ಲೈಟ್, ಪಾರ್ಕಿಂಗ್ ಸೆನ್ಸಾರ್, ವಾಷರ್ ಪೈಪು ಮೂರನ್ನೂ ಕಳಚಿ. ಪೈಪಿನ ಕೆಳಗೆ ಬಕೀಟು ಇಡಿ. ಟಾಕಿಯ ನೀರು ಅಲ್ಲಿಂದ ಬರುತ್ತದೆ.

ನಾಝಲ್ ಮತ್ತು ಕೊಳವೆ ಬಿಚ್ಚಿದ ಮೇಲೆ ನೀರಿನ ದಾರಿ ಮುಚ್ಚುವ ಮುಖ್ಯ ಹಂತ ಬರುತ್ತದೆ. ಬಂಪರಿನ ಹತ್ತಿರ ಪೈಪಿನ ಬಾಯಿಗೆ ಬಿರಡೆ ತುರುಕಿ ಬಿಡುವುದು ಅರ್ಧ ಕೆಲಸ. ದೊಡ್ಡ ಮೋಟರ್ ಇನ್ನೂ ಜೀವಂತ ಇದ್ದರೆ ಮುಚ್ಚಿದ ಪೈಪಿನೊಳಗೆ ಒತ್ತಡ ಹಾಕುತ್ತಲೇ ಇರುತ್ತದೆ, ಒಂದು ದಿನ ಜೋಡಣೆ ಬಿಚ್ಚಿಕೊಂಡು ಟಾಕಿಯೇ ಖಾಲಿಯಾಗುತ್ತದೆ. ಕನ್ನಡಿಗೂ ನೀರಿಲ್ಲದಂತಾಗುತ್ತದೆ. ಸರಿಯಾದ ಕ್ರಮವೆಂದರೆ ಮೋಟರಿನ ವಿದ್ಯುತ್ ಪ್ಲಗ್ ಕಳಚಿ, ಮೋಟರನ್ನೇ ಟಾಕಿಯಿಂದ ತೆಗೆದು, ಅದರ ರಬ್ಬರ್ ಬುಷ್ಷಿನ ತೂತಿಗೆ ಬಿಗಿಯಾದ ಬಿರಡೆ ಹಾಕುವುದು. ಬಿಡಿಯಾದ ಪ್ಲಗ್ಗಿಗೆ ನೀರು ಸೇರದಂತೆ ಶಾಖಕ್ಕೆ ಕುಗ್ಗುವ ತೋಳು ಅಥವಾ ಒಳ್ಳೆಯ ಟೇಪು ಸುತ್ತಿ, ಅಲುಗದಂತೆ ಕಟ್ಟಿ. ಫ್ಯೂಸ್ ತೆಗೆದರೆ ಸಾಕಲ್ಲವೇ ಎಂದು ಕೇಳುತ್ತಾರೆ. ಆ ಫ್ಯೂಸಿನ ಮೇಲೆ ಬೇರೆ ಉಪಕರಣವೂ ಇರಬಹುದು. ಫ್ಯೂಸ್ ಪೆಟ್ಟಿಗೆಯ ನಕ್ಷೆ ನೋಡದೆ ತೆಗೆಯಬೇಡಿ.

ತೆಗೆದ ನಾಝಲ್, ಕೊಳವೆ, ಮೋಟರು ಎಲ್ಲವನ್ನೂ ತೊಳೆದು ಒಣಗಿಸಿ ಒಂದು ಡಬ್ಬಿಯಲ್ಲಿ ಎತ್ತಿಡಿ. ಬಂಪರಿನ ತೂತನ್ನು ಫೈಬರಿನಿಂದ ತುಂಬಿ ಶಾಶ್ವತವಾಗಿ ಮುಚ್ಚುವುದಕ್ಕಿಂತ, ಬೇಕೆಂದಾಗ ತೆಗೆಯಬಲ್ಲ ಮುಚ್ಚುಗೆಯೇ ಲೇಸು. ನಾಳೆ ಗಾಡಿ ಮಾರುವಾಗಲೋ, ಪರಿವೀಕ್ಷಕರು ಕೇಳಿದಾಗಲೋ ಮತ್ತೆ ಮೊದಲಿನಂತೆ ಮಾಡಬಹುದು.

ಬಂಪರ್ ತೊಡಿಸುವ ಮೊದಲೇ ಟಾಕಿಗೆ ನೀರು ತುಂಬಿ, ಹದಿನೈದು ನಿಮಿಷ ಬಿಟ್ಟು, ಕೆಳಗೆ ಕಾಗದ ಹಾಸಿ ನೋಡಿ. ಒಂದು ಹನಿಯೂ ಬೀಳಬಾರದು. ಬಂಪರ್ ತೊಡಿಸಿದ ಮೇಲೆ ಸೋರಿಕೆ ಕಂಡರೆ ಮತ್ತೆ ಎಲ್ಲವನ್ನೂ ಬಿಚ್ಚಬೇಕು.

ಬೆಳಕಿನ ಮಟ್ಟ

ಬಂಪರ್ ಬಿಚ್ಚಿ ತೊಡಿಸಿದ ಮೇಲೆ ಹೆಡ್‌ಲೈಟಿನ ಮಟ್ಟ ನೋಡದೆ ಗಾಡಿಯನ್ನು ರಸ್ತೆಗೆ ತರಬಾರದು. ಕೆಲ ಕಾರುಗಳಲ್ಲಿ ದೀಪದ ಬುಡದ ಸ್ಕ್ರೂ ಬಂಪರಿನ ಜೊತೆಗೇ ಸಡಿಲಾಗುತ್ತದೆ.

ಸಮತಟ್ಟಾದ ನೆಲದಲ್ಲಿ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ. ಟಯರಿನ ಗಾಳಿ ಸರಿಯಿರಲಿ, ಚಾಲಕನ ಸೀಟಿನಲ್ಲಿ ಒಬ್ಬರು ಕೂತಿರಲಿ. ದೀಪದಿಂದ ಗೋಡೆಗೆ 10 ಮೀಟರ್ ಅಂತರ ಇಡಿ. ದೀಪದ ನಡುಬಿಂದು ನೆಲದಿಂದ ಎಷ್ಟು ಎತ್ತರ ಇದೆಯೆಂದು ಅಳೆದು ಗೋಡೆಯ ಮೇಲೆ ಅದೇ ಎತ್ತರಕ್ಕೆ ಗೆರೆ ಎಳೆಯಿರಿ. ಹೆಡ್‌ಲೈಟಿನ ಮೈಮೇಲೆ ಅಥವಾ ಅದರ ಹತ್ತಿರ 1.0% ಎಂಬಂಥ ಗುರುತು ಇರುತ್ತದೆ. ಅಂದರೆ 10 ಮೀಟರ್ ದೂರದಲ್ಲಿ ಡಿಮ್ ಬೆಳಕಿನ ಮೇಲಂಚು ಗೆರೆಗಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು. 1.2% ಇದ್ದರೆ 12 ಸೆಂಟಿಮೀಟರ್. ಮೇಲಂಚು ಗೆರೆಯನ್ನು ಮುಟ್ಟಿದರೆ ಎದುರಿನವನ ಕಣ್ಣು ಕುಕ್ಕುತ್ತದೆ. ತೀರಾ ಕೆಳಗಿದ್ದರೆ ನಮಗೆ ದೂರ ಕಾಣುವುದಿಲ್ಲ.

ಈ ಕೆಲಸದ ನಡುವೆ ಬಲ್ಬು ಬದಲಿಸುವ ಆಸೆ ಹುಟ್ಟುವುದು ಸಹಜ. ಹ್ಯಾಲೊಜೆನ್ನಿಗೆಂದು ಮಾಡಿದ ದೀಪದೊಳಗೆ ಅಗ್ಗದ ಎಲ್‌ಇಡಿ ಬಲ್ಬೋ, 100 ವ್ಯಾಟಿನ ಬಲ್ಬೋ ಹಾಕಿಸಬೇಡಿ. ಮೊದಲನೆಯದು ಬೆಳಕನ್ನು ಚೆಲ್ಲಾಪಿಲ್ಲಿ ಮಾಡುತ್ತದೆ. ಎರಡನೆಯದು 55 ವ್ಯಾಟಿಗೆ ಲೆಕ್ಕಹಾಕಿದ ವೈರನ್ನೂ ಹೋಲ್ಡರನ್ನೂ ಸುಡುತ್ತದೆ. ವಾಷರ್ ಇಲ್ಲದ ದೀಪಕ್ಕೆ ಹೆಚ್ಚು ಬೆಳಕು ತುಂಬುವುದೆಂದರೆ, ಆ 2000 ಲ್ಯೂಮೆನ್ ಗೆರೆಯನ್ನು ಯಾಕೆ ಎಳೆದರೋ ಅದನ್ನೇ ಮರೆತಂತೆ.

ಕಾನೂನು ಏನು ಹೇಳುತ್ತದೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಬಿಗಿಯಾಗಿಯೇ ಓದಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ದೀಪದ ಬಗ್ಗೆಯೇ ಇದೆ: ಮುಂದಿನ ಬೆಳಕು ಎದುರಿನವರ ಕಣ್ಣು ಕುಕ್ಕದಂತೆ ಕೆಳಮುಖವಾಗಿರಬೇಕು. ದೀಪವನ್ನು ಹಾಗೆ ತಯಾರಿಸಿದರೆ ಸಾಲದು, ಹಾಗೆಯೇ ಇಟ್ಟುಕೊಳ್ಳಲೂಬೇಕು. ಕೊಳೆ ಹಿಡಿದ ದೀಪವೂ ಈ ಮಾತಿನ ಅಡಿಗೇ ಬರುತ್ತದೆ ಎಂದು ತಿಳಿದು ನಡೆಯುವುದು ಒಳ್ಳೆಯದು.

ಆದ್ದರಿಂದ ಒಂದು ಮುಚ್ಚಳ ಬದಲಿಸುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ವ್ಯವಸ್ಥೆಯನ್ನೇ ತೆಗೆಯುವುದಾದರೆ, ಅದರಲ್ಲೂ ಜೆನಾನ್ ದೀಪದ ಕಾರಿನಲ್ಲಿ, ಕೈಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಕೆಎ 49 ನಂಬರಿನ ಗಾಡಿಯವರಿಗೆ ಕಚೇರಿ ಗೋಕಾಕದಲ್ಲೇ ಇದೆ. ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ.

ತೆಗೆದ ಮೇಲಿನ ಜವಾಬ್ದಾರಿ

ವಾಷರ್ ತೆಗೆದ ಕಾರಿನಲ್ಲಿ ಎರಡು ವಸ್ತು ಸದಾ ಇರಬೇಕು: ಶುದ್ಧ ನೀರಿನ ಒಂದು ಸ್ಪ್ರೇ ಬಾಟಲಿ, ಮೆತ್ತಗಿನ ಮೈಕ್ರೊಫೈಬರ್ ಬಟ್ಟೆ. ಒಣ ಬಟ್ಟೆಯಿಂದ ದೀಪ ಉಜ್ಜಬಾರದು. ಪಾಲಿಕಾರ್ಬೊನೇಟಿನ ಮೇಲೆ ಬಿಸಿಲನ್ನು ತಡೆಯುವ ತೆಳುವಾದ ಗಟ್ಟಿ ಲೇಪ ಇರುತ್ತದೆ. ಎರೆಮಣ್ಣಿನ ಒಣ ಕಣ ಅದನ್ನು ಗೀರುತ್ತದೆ. ಲೇಪ ಹೋದ ದೀಪ ಒಂದೆರಡು ಬೇಸಿಗೆಯಲ್ಲಿ ಹಳದಿಗಟ್ಟುತ್ತದೆ. ಮೊದಲು ನೀರು ಹೊಡೆದು ಮಣ್ಣು ನೆನೆಯಲು ಬಿಡಿ, ಆಮೇಲೆ ಮೇಲಿನಿಂದ ಕೆಳಗೆ ಒರೆಸಿ. ಪೆಟ್ರೋಲು, ಥಿನ್ನರು, ಹಲ್ಲುಜ್ಜುವ ಪೇಸ್ಟು ಯಾವುದೂ ಬೇಡ. ಪೇಸ್ಟು ಹಾಕಿದ ದಿನ ದೀಪ ಹೊಳೆಯುತ್ತದೆ ನಿಜ. ಆ ಹೊಳಪು ಲೇಪವನ್ನು ತಿಂದು ಬಂದದ್ದು.

ಒರೆಸುವ ವೇಳೆಯೂ ಮುಖ್ಯ. ದೀಪ ಹೊತ್ತಿಸುವ ಮುನ್ನ, ಅಂದರೆ ಸಂಜೆ ಹೊರಡುವಾಗ ಒರೆಸಬೇಕು. ದೂರದ ದಾರಿಯಾದರೆ ನಡುವೆ ಚಹಾಕ್ಕೆ ನಿಂತಾಗ ಇನ್ನೊಮ್ಮೆ. ಹಿಡಕಲ್ ಕಡೆಯ ಮಳೆಯಲ್ಲಿ ಹೋದರೆ ಹೆಚ್ಚು ಸಲ.

ಇಷ್ಟೆಲ್ಲ ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ ನಮ್ಮ ಭಾಗದ ರಾತ್ರಿಯ ರಸ್ತೆ ಬೇರೆ ಊರಿನಂತಲ್ಲ. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕದ ಘಟಪ್ರಭಾ, ಹುಣಶ್ಯಾಳದ ಸತೀಶ್ ಶುಗರ್ಸ್, ಬೆಲ್ಲದ ಬಾಗೇವಾಡಿಯ ಕಾರ್ಖಾನೆ, ಈ ಸಕ್ಕರೆ ಕಾರ್ಖಾನೆಗಳೆಲ್ಲವೂ ಕಬ್ಬು ಅರೆಯಲು ಶುರುಮಾಡಿದ ದಿನದಿಂದ ಬೇಸಿಗೆಯ ತನಕ ರಾತ್ರಿಯಿಡೀ ಟ್ರ್ಯಾಕ್ಟರುಗಳು ಓಡುತ್ತವೆ. ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರು, ಮೇಲೆ ಪಕ್ಕಕ್ಕೆ ಚಾಚಿದ ಕಬ್ಬು. ಎಷ್ಟೋ ಟ್ರೇಲರಿಗೆ ಹಿಂದೆ ದೀಪವಿಲ್ಲ, ಅಂಟಿಸಿದ ರಿಫ್ಲೆಕ್ಟರಿನ ಮೇಲೆ ಮಣ್ಣು ಮೆತ್ತಿರುತ್ತದೆ. ಗುರ್ಲಾಪುರ ಕ್ರಾಸಿನಲ್ಲೋ ಹುಕ್ಕೇರಿ–ಘಟಪ್ರಭಾ ದಾರಿಯಲ್ಲೋ ಅಂಥದ್ದೊಂದು ರಸ್ತೆ ಬದಿ ನಿಂತಿದ್ದರೆ, ಅದು ನಮಗೆ ಕಾಣುವುದು ನಮ್ಮ ದೀಪದ ಬೆಳಕಿನಿಂದ ಮಾತ್ರ. ಎದುರಿನಿಂದ ಬರುವವನು ಬೈಕಿನ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡ ಕಬ್ಬು ಕಡಿಯುವ ಗ್ಯಾಂಗಿನ ಮನುಷ್ಯನಾಗಿದ್ದರೆ, ನಮ್ಮ ಕೊಳೆ ದೀಪ ಅವನ ಕಣ್ಣನ್ನು ಕಟ್ಟಬಾರದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಒಂದು ಸೆಕೆಂಡು ಮೊದಲು ಕಂಡರೆ ಬ್ರೇಕು ಒತ್ತಲು 22 ಮೀಟರ್ ರಸ್ತೆ ಹೆಚ್ಚಿಗೆ ಸಿಕ್ಕಂತೆ.

ಆದ್ದರಿಂದ ಹೊಸಬರು ಹೀಗೆ ಶುರುಮಾಡಿ. ಕಾರ್ಖಾನೆಗಳು ಚಾಲೂ ಆಗುವ ಮೊದಲು, ದಸರೆಯ ಹೊತ್ತಿಗೆ, ಒಂದು ಬೆಳಗು ಇದಕ್ಕೆ ಮೀಸಲಿಡಿ. ದೀಪ ಯಾವ ಬಗೆಯದೆಂದು ನೋಡಿ, ವಾಷರ್ ಕೆಲಸ ಮಾಡುತ್ತಿದೆಯೇ ಪರೀಕ್ಷಿಸಿ, ಗೋಡೆಯ ಮೇಲೆ ಬೆಳಕಿನ ಮಟ್ಟ ಅಳೆಯಿರಿ. ಭಾಗ ಕೊಳ್ಳುವ ಮಾತು ಇದರ ನಂತರ. ಒಂದು ತಿಂಗಳು ದಿನವೂ ದೀಪವನ್ನು ಕೈಯಿಂದ ಒರೆಸಿ ನೋಡಿ. ಆ ರೂಢಿ ನಿಂತರೆ ವಾಷರ್ ತೆಗೆಯುವ ಯೋಚನೆ ಮಾಡಬಹುದು. ನಿಲ್ಲದಿದ್ದರೆ ಅದೇ ಹಣದಲ್ಲಿ ಹೊಸ ಮೋಟರು, ಹೊಸ ನಾಝಲ್ ತಂದು ವಾಷರನ್ನೇ ಸರಿಮಾಡಿಸಿಕೊಳ್ಳಿ.